ಹಳೇ ಸ್ಪೀಕರ್ ರಿಪೇರಿ ಮಾಡಿ 60 ಸಾವಿರದ ಜೋಡಿಯ ಪಕ್ಕ ಇಟ್ಟು ನೋಡಿದೆ

ಕಂಪ್ಯೂಟರ್ ಮೇಜಿನ ಮೇಲೆ ಇಡುವ ಸ್ಪೀಕರಿಗೆ 60 ಸಾವಿರ ರೂಪಾಯಿ ಕೊಡೋದು ಸರೀನಾ? ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿದರೆ ಇದಕ್ಕೆ ಉತ್ತರ ಸಿಗಲ್ಲ. ಅಲ್ಲಿ ಎಲ್ಲವೂ ಚೆನ್ನಾಗೇ ಕೇಳುತ್ತದೆ. ನಮ್ಮ ಮೇಜು, ನಮ್ಮ ಗೋಡೆ, ನಮ್ಮ ಫ್ಯಾನ್ ಇರುವ ಕಡೆ ಕೇಳಬೇಕು. ವಿಡಿಯೋ ಎಡಿಟಿಂಗ್ ಮಾಡುವ ಗೆಳೆಯನೊಬ್ಬ ಊರಿಗೆ ಹೋಗುವಾಗ ತನ್ನ ಜೆನೆಲೆಕ್ 8010ಎ ಸ್ಟುಡಿಯೋ ಸ್ಪೀಕರ್ ಜೋಡಿಯನ್ನೂ ಸದ್ದು ಅಳೆಯುವ ಮೈಕನ್ನೂ ನಮ್ಮ ಮನೆಯಲ್ಲಿ ಬಿಟ್ಟು ಹೋದದ್ದರಿಂದ ಇದು ಸಾಧ್ಯವಾಯಿತು. ಅವನು ಆ ಜೋಡಿಗೆ ಕೊಟ್ಟದ್ದು 60 ಸಾವಿರಕ್ಕೂ ಮೇಲೆ.

ನನ್ನ ಹತ್ತಿರ ಇದ್ದದ್ದು 2011ರಲ್ಲಿ 4,500 ರೂಪಾಯಿಗೆ ತಂದ ಮರದ ಪೆಟ್ಟಿಗೆಯ ಸೆಟ್ಟು. ಕೆಳಗಿನ ಸ್ವರಕ್ಕೆ 4 ಇಂಚಿನ ವೂಫರ್, ಮೇಲಿನ ಸ್ವರಕ್ಕೆ ಮೇಲೊಂದು ಪುಟ್ಟ ಟ್ವೀಟರ್, ಬೇರೆ ಸಬ್‌ವೂಫರ್ ಇಲ್ಲ. ಕಂಪನಿ ಹೆಸರು ಬೇಡ, ಹದಿನಾಲ್ಕು ವರ್ಷ ದುಡಿದಿದೆ ಪಾಪ. ಆದರೆ ಈಗ ಅದು ಗುಂಯ್ ಅನ್ನುತ್ತಿತ್ತು, ವಾಲ್ಯೂಮ್ ತಿರುಗಿಸಿದರೆ ಕರಕರ, ಜೊತೆಗೆ ಬಲಗಡೆ ವೂಫರಿನ ಸುತ್ತಲಿನ ಫೋಮ್ ಪುಡಿಪುಡಿ. ಕೆಟ್ಟು ಕೂತ ಸ್ಪೀಕರನ್ನು ಹೊಸದರ ಪಕ್ಕ ಇಟ್ಟು "ಆಹಾ, ಎಂಥಾ ವ್ಯತ್ಯಾಸ" ಅನ್ನೋದು ಮೋಸ. ಹಾಗಾಗಿ ಮೊದಲು ರಿಪೇರಿ, ಆಮೇಲೆ ಹೋಲಿಕೆ.

ಹಂತ 1: ಬಿಚ್ಚಿದ್ದು

ಹಿಂದಿನ ಪ್ಲೇಟಿನ ಸ್ಕ್ರೂ ಬಿಚ್ಚಿದರೆ ಆಂಪ್ಲಿಫೈಯರ್ ಪೂರ್ತಿ ಹೊರಗೆ ಬರುತ್ತದೆ. ಒಳಗೆ 15-0-15 ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಒಂದು ಬ್ರಿಡ್ಜ್, ಆ ಡಿಸಿಯನ್ನು ಸಮ ಮಾಡುವ 4700 ಮೈಕ್ರೋಫ್ಯಾರಡ್ 25 ವೋಲ್ಟಿನ ಎರಡು ಕೆಪಾಸಿಟರ್, ಹೀಟ್‌ಸಿಂಕಿಗೆ ಬಿಗಿದ ಒಂದು ಟಿಡಿಎ 7265 ಐಸಿ. ಎರಡು ಚಾನಲಿಗೂ ಅದೊಂದೇ ಐಸಿ, ಒಂದೊಂದಕ್ಕೆ 25 ವಾಟ್ ಲೆಕ್ಕ. ಎಡ ಪೆಟ್ಟಿಗೆಯಲ್ಲಿ ಆಂಪ್ಲಿಫೈಯರ್ ಇಲ್ಲ, ಬರೀ ವೈರ್ ಹೋಗುತ್ತದೆ.

ಇಲ್ಲೊಂದು ಮಾತು. ಜೆನೆಲೆಕ್ ಜೋಡಿಯಲ್ಲಿ ಪ್ರತಿ ಪೆಟ್ಟಿಗೆಗೂ 3 ಇಂಚಿನ ವೂಫರ್, ಮುಕ್ಕಾಲು ಇಂಚಿನ ಟ್ವೀಟರ್, ಎರಡಕ್ಕೂ ಬೇರೆ ಬೇರೆ 25 ವಾಟಿನ ಆಂಪ್ಲಿಫೈಯರ್. ಅಂದರೆ ವೂಫರಿಗೆ ಸಿಗುವ ವಾಟ್ ಎರಡರಲ್ಲೂ ಒಂದೇ! ಡಬ್ಬದ ಮೇಲಿನ ವಾಟ್ ನೋಡಿ ಸ್ಪೀಕರ್ ಕೊಳ್ಳುವವರು ಇದನ್ನು ನೆನಪಿಟ್ಟುಕೊಂಡರೆ ಸಾಕು.

ಕರೆಂಟ್ ಕೊಡುವ ಮೊದಲು, ಅದು ಬಲ್ಬ್ ದಾಟಿಯೇ ಒಳಗೆ ಹೋಗುವ ಹಾಗೆ ಸೀರೀಸ್ ಬಲ್ಬ್ ಹಾಕಿದೆ. 60 ವಾಟಿನ ಹಳೇ ಫಿಲಮೆಂಟ್ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯಲ್ಲ. ಸ್ವಿಚ್ ಹಾಕಿದ ಕೂಡಲೇ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ, ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್. ಇದು ಮಿಂಚಿ ಮಂಕಾಯಿತು. ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟು ಅಳೆದರೆ ಪ್ಲಸ್ 21, ಮೈನಸ್ 21 ವೋಲ್ಟ್. ಅದೇ ಕೆಪಾಸಿಟರ್ ಕಾಲುಗಳ ಮೇಲೆ ಮಲ್ಟಿಮೀಟರನ್ನು ಎಸಿಗೆ ತಿರುಗಿಸಿ ಇಟ್ಟರೆ 0.4 ವೋಲ್ಟ್ ತೋರಿಸಿತು. ಹಾಡು ಇಲ್ಲ, ವಾಲ್ಯೂಮ್ ಸೊನ್ನೆ. ಡಿಸಿಯಲ್ಲಿ ಉಳಿದ ಈ ಏರಿಳಿತಕ್ಕೇ ರಿಪ್ಪಲ್ ಅನ್ನೋದು, ಅಷ್ಟು ಇರಬಾರದು. ವಾಲ್ಯೂಮ್ ಸೊನ್ನೆಯಲ್ಲೂ ಎರಡೂ ಕಡೆ ಒಂದೇ ಸಮ ಗುಂಯ್ ಅನ್ನುತ್ತಿದ್ದರೆ ಸಾಮಾನ್ಯವಾಗಿ ಅದು ಪವರ್ ಸಪ್ಲೈ ದೋಷ. ಅದರ ಸ್ವರ ಕರೆಂಟಿನ 50 ಹರ್ಟ್ಜ್ ಅಲ್ಲ, ಬ್ರಿಡ್ಜ್ ದಾಟಿ ಎರಡರಷ್ಟಾದ 100. ಮೈಕ್ ಇಟ್ಟು ನೋಡಿದಾಗಲೂ 100ರಲ್ಲೇ ಕಡ್ಡಿ ಎದ್ದು ನಿಂತಿತ್ತು.

ಹಂತ 2: ಕೆಪಾಸಿಟರ್

ಎಸ್‌ಪಿ ರೋಡಿಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಹೋದೆ. 21 ವೋಲ್ಟ್ ನಿಲ್ಲುವ ಕಡೆ 25 ವೋಲ್ಟಿನ ಕೆಪಾಸಿಟರ್ ಹಾಕಿದ್ದೇ ಕಂಪನಿಯ ಜಿಪುಣತನ. ನಮ್ಮ ಮನೆಯಲ್ಲಿ ರಾತ್ರಿ ಹೊತ್ತು ಕರೆಂಟ್ 250 ವೋಲ್ಟ್ ತಲುಪುತ್ತದೆ, ಆಗ ಉಳಿಯುವ ಜಾಗ ಇನ್ನೂ ಕಡಿಮೆ. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಅಂತ 50 ವೋಲ್ಟಿಂದು ಕೇಳಿದೆ. ಅಂಗಡಿಯವರು "ಸಾರ್, ಬೋರ್ಡ್ ತಂದಿದ್ದೀರಾ? ಜಾಗ ಇದೆಯಾ ನೋಡ್ಕೊಳ್ಳಿ" ಅಂದರು. ಬೋರ್ಡ್ ತಂದಿರಲಿಲ್ಲ. ಜೋಡಿಗೆ 180 ಕೊಟ್ಟು ತಂದೆ. ಮನೆಯಲ್ಲಿ ನೋಡಿದರೆ ಕಾಲುಗಳ ಅಂತರ ಸರಿ, ಮೈ ದಪ್ಪ, ಎತ್ತರವೂ ಜಾಸ್ತಿ, ಟ್ರಾನ್ಸ್‌ಫಾರ್ಮರಿಗೆ ತಾಗುತ್ತದೆ. ಅಡ್ಡ ಮಲಗಿಸಿ ಅಂಟು ಹಾಕಬಹುದಿತ್ತು. ಆದರೆ ಸ್ಪೀಕರ್ ಪೆಟ್ಟಿಗೆಯ ಒಳಗೆ ಎಲ್ಲವೂ ಅದುರುತ್ತದೆ, ಉದ್ದ ಕಾಲಿನ ಮೇಲೆ ತೂಗುವ ಕೆಪಾಸಿಟರ್ ಇವತ್ತಲ್ಲ ನಾಳೆ ಬೆಸುಗೆ ಬಿಡಿಸಿಕೊಳ್ಳುತ್ತದೆ. ಮತ್ತೆ ಹೋಗಿ 35 ವೋಲ್ಟಿಂದು ತಂದೆ, ಒಂದಕ್ಕೆ 55. ಇದು ಸರಿಯಾಗಿ ಕೂತಿತು.

ತೆಗೆಯುವ ಮೊದಲು 1 ಕಿಲೋಓಮ್ 5 ವಾಟಿನ ರೆಸಿಸ್ಟರ್ ಹಿಡಿದು ಚಾರ್ಜ್ ಇಳಿಸಿದೆ. ಕೆಲವರು ಸ್ಕ್ರೂಡ್ರೈವರ್ ತುದಿ ತಾಗಿಸಿ ಚಟ್ ಅನ್ನಿಸುತ್ತಾರೆ. ನೋಡೋಕೆ ಗಮ್ಮತ್ತು, ಬೋರ್ಡಿನ ತಾಮ್ರಕ್ಕೆ ಅಲ್ಲ. ಹಳೇದನ್ನು ಅಳೆದರೆ ಒಂದು 700 ಮೈಕ್ರೋಫ್ಯಾರಡ್, ಇನ್ನೊಂದು 1100. ಇರಬೇಕಾದದ್ದು 4700! ಮೇಲ್ಭಾಗ ಉಬ್ಬಿರಲಿಲ್ಲ, ಸೋರಿರಲೂ ಇಲ್ಲ. ಕಣ್ಣಿಗೆ ಚೆನ್ನಾಗಿದೆ ಅಂತ ಬಿಟ್ಟಿದ್ದರೆ ಸಿಕ್ಕುತ್ತಿರಲಿಲ್ಲ.

ಹೊಸದು ಹಾಕಿದ ಮೇಲೆ ರಿಪ್ಪಲ್ 0.05 ವೋಲ್ಟ್. ಕಿವಿ ಟ್ವೀಟರಿಗೆ ತಾಗಿಸಿದರೂ ಗುಂಯ್ ಇಲ್ಲ, ಸಣ್ಣ ಸುಸ್ ಅನ್ನುವ ಸದ್ದು ಮಾತ್ರ.

ವಾಲ್ಯೂಮ್ ಕರಕರಕ್ಕೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ, 210 ರೂಪಾಯಿ ಡಬ್ಬಿ. ಒಂದು ದಿನ ಸುಮ್ಮನಿತ್ತು, ಮತ್ತೆ ಶುರು. 40 ರೂಪಾಯಿಯ ಹೊಸ 50ಕೆ ಡಬಲ್ ಪಾಟ್ (ವಾಲ್ಯೂಮ್ ತಿರುಗಿಸುವ ಭಾಗ) ಹಾಕಿದೆ, ಮುಗಿಯಿತು. ಮೊದಲೇ ಹಾಕಬೇಕಿತ್ತು. ಕೊಳ್ಳುವಾಗ ಪಾಟ್ ಮೇಲೆ ಎ ಅಥವಾ ಬಿ ಅಂತ ಬರೆದಿರುತ್ತದೆ, ವಾಲ್ಯೂಮಿಗೆ ಎ ಬೇಕು. ಬಿ ಹಾಕಿದರೆ ಸ್ವಲ್ಪ ತಿರುಗಿಸಿದ ಕೂಡಲೇ ಅರಚುತ್ತದೆ.

ಹಂತ 3: ಫೋಮ್ ಬದಲಾಯಿಸಿದ್ದು (ಇಲ್ಲೇ ಜಾಸ್ತಿ ಒದ್ದಾಡಿದ್ದು)

ವೂಫರಿನ ಕಾಗದದ ಕೋನಿಗೂ ಲೋಹದ ಚೌಕಟ್ಟಿಗೂ ನಡುವೆ ಇರುವ ಮೆತ್ತನೆ ಬಳೆ ಇದು. ಬೆರಳಲ್ಲಿ ಮುಟ್ಟಿದರೆ ಕಪ್ಪು ಹಿಟ್ಟಿನಂತೆ ಅಂಟಿಕೊಂಡು ಬಂತು. ಎಡಗಡೆಯದ್ದು ಇನ್ನೂ ಬಿರುಕು ಬಿಟ್ಟಿರಲಿಲ್ಲ, ಆದರೆ ಒಂದನ್ನು ಮಾತ್ರ ಬದಲಾಯಿಸಿದರೆ ಎರಡೂ ಒಂದೇ ಥರ ಕುಣಿಯಲ್ಲ. ಆನ್‌ಲೈನಲ್ಲಿ 4 ಇಂಚಿನ ಜೋಡಿ 320 ರೂಪಾಯಿಗೆ ತರಿಸಿದೆ. ತರಿಸುವ ಮೊದಲು ಅಳೆಯಬೇಕಾದದ್ದು ನಾಲ್ಕು: ಚೌಕಟ್ಟಿನ ಹೊರ ಅಂಚು, ಬಳೆ ಅಂಟುವ ಒಳ ಅಂಚು, ಕೋನಿನ ಅಗಲ, ಉಬ್ಬಿನ ಅಗಲ. "4 ಇಂಚು" ಅನ್ನುವ ಒಂದೇ ಮಾತನ್ನು ನಂಬಿ ತರಿಸಿದರೆ ಕೂರಲ್ಲ.

ಹಳೇ ಫೋಮನ್ನು ಬ್ಲೇಡಿನಲ್ಲಿ ಕೆರೆದು, ಹತ್ತಿಗೆ ಐಸೊಪ್ರೊಪೈಲ್ ಹಾಕಿ ಚೌಕಟ್ಟು ಒರೆಸಿದೆ. ಕೋನು ಕಾಗದದ್ದು, ಅದಕ್ಕೆ ದ್ರವ ಜಾಸ್ತಿ ಮುಟ್ಟಿಸಬಾರದು. ಅಂಟು ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟು, 60 ರೂಪಾಯಿ ಟ್ಯೂಬು. ಸೂಪರ್ ಗ್ಲೂ ಬೇಡವೇ ಬೇಡ. ಗಟ್ಟಿಯಾಗಿ ಒಣಗಿ ಫೋಮನ್ನೇ ಸೀಳುತ್ತದೆ.

ಬಲಗಡೆಯದ್ದಕ್ಕೆ ಕೋನು ಮತ್ತು ಚೌಕಟ್ಟು ಎರಡಕ್ಕೂ ಒಟ್ಟಿಗೇ ಅಂಟು ಹಚ್ಚಿ, ಬಳೆ ಕೂರಿಸಿ, ಸುತ್ತ ಬಟ್ಟೆ ಕ್ಲಿಪ್ ಹಾಕಿ ಬಿಟ್ಟೆ. ಒಣಗಿದ ಮೇಲೆ ಎರಡು ಹೆಬ್ಬೆರಳಿಂದ ಕೋನನ್ನು ಮೆಲ್ಲಗೆ ಒತ್ತಿದರೆ ಸರಕ್ ಸರಕ್. ಒಳಗಿನ ವಾಯ್ಸ್ ಕಾಯಿಲ್ ಮ್ಯಾಗ್ನೆಟ್ ಗೋಡೆಗೆ ಉಜ್ಜುತ್ತಿದೆ ಅಂತ ಅರ್ಥ. ಕೂದಲೆಳೆ ಅಷ್ಟು ಪಕ್ಕಕ್ಕೆ ಸರಿದರೂ ಸಾಕು. ಬಿಡಿಸಲು ಹೋದರೆ ಹೊಸ ಬಳೆಯೇ ಹರಿಯಿತು. ಬಿಡಿಯಾಗಿ ಕೊಡಲ್ಲ, ಮತ್ತೆ 320.

ಸರಿಯಾಗಿ ಕೂತ ವಿಧಾನ ಇದು. ಮೊದಲು ಬಳೆಯನ್ನು ಕೋನಿಗೆ ಮಾತ್ರ ಅಂಟಿಸಿ ರಾತ್ರಿಯಿಡೀ ಬಿಡುವುದು. ಮಾರನೆ ದಿನ ಚೌಕಟ್ಟಿಗೆ ಅಂಟು ಹಚ್ಚಿ, ವೂಫರನ್ನು ಆಂಪ್ಲಿಫೈಯರಿಗೆ ಜೋಡಿಸಿ, ಕಂಪ್ಯೂಟರಿನಿಂದ 30 ಹರ್ಟ್ಜ್ ಸ್ವರವನ್ನು ಬಹಳ ಮೆಲ್ಲಗೆ ಕೊಡುವುದು. ಕೋನು ಕಣ್ಣಿಗೆ ಕಾಣುವಷ್ಟು, ಅಂದರೆ ಒಂದೆರಡು ಮಿಲಿಮೀಟರ್, ಮುಂದೆ ಹಿಂದೆ ಆಡುತ್ತದೆ. ಉಜ್ಜಿದರೆ ಆ ಸ್ವರದ ಮೇಲೆ ಒಂದು ಒರಟು ಸದ್ದು ಸೇರಿಕೊಂಡು ಬರುತ್ತದೆ. ಬಳೆಯ ಅಂಚನ್ನು ಬೆರಳ ತುದಿಯಲ್ಲಿ ಆ ಕಡೆ ಈ ಕಡೆ ಚೂರೇ ಚೂರು ತಳ್ಳುತ್ತಾ ಹೋದರೆ ಒಂದು ಕಡೆ ಸದ್ದು ಪೂರ್ತಿ ನಯವಾಗುತ್ತದೆ. ಅಲ್ಲೇ ಕೈ ಬಿಟ್ಟು, ಅಂಟು ಹಿಡಿಯುವವರೆಗೆ ಸ್ವರ ಹಾಗೇ ಓಡಲಿ. ಎಡಗಡೆಯದ್ದನ್ನು ಇದೇ ಥರ ಒಂದೇ ಸಲಕ್ಕೆ ಮುಗಿಸಿದೆ.

ಟ್ವೀಟರ್ ಹಿಂದೆ ಒಂದೇ ಒಂದು ಕೆಪಾಸಿಟರ್ ಇತ್ತು, ಅದೇ ಇಡೀ ಕ್ರಾಸೋವರ್, ಅಂದರೆ ಯಾವ ಸ್ವರ ಯಾವುದಕ್ಕೆ ಅಂತ ಹಂಚುವ ಭಾಗ. ವೂಫರಿಗೆ ಏನೂ ಇಲ್ಲ, ಬಂದದ್ದೆಲ್ಲ ಅದೇ ನುಡಿಸಬೇಕು. ಮೈ ಮೇಲೆ 3.3 ಮೈಕ್ರೋಫ್ಯಾರಡ್ ಅಂತ ಬರೆದಿತ್ತು. ಅಳೆದರೆ ಎಡಗಡೆ 3.2, ಬಲಗಡೆ 2.1. ಹಾಡುವವರ ದನಿ ಯಾವಾಗಲೂ ಸ್ವಲ್ಪ ಎಡಕ್ಕೆ ವಾಲಿದಂತೆ ಕೇಳುತ್ತಿದ್ದದ್ದು ನನ್ನ ಕಿವಿ ದೋಷ ಅಂದುಕೊಂಡಿದ್ದೆ. ಎರಡಕ್ಕೂ 3.3ರ ಫಿಲ್ಮ್ ಕೆಪಾಸಿಟರ್ ಹಾಕಿದೆ, ತಲಾ 65 ರೂಪಾಯಿ. ದನಿ ನಟ್ಟ ನಡುವೆ ಬಂದು ಕೂತಿತು. ಇಡೀ ರಿಪೇರಿಯಲ್ಲಿ ಅತ್ಯಂತ ಕಡಿಮೆ ದುಡ್ಡಿಗೆ ಅತ್ಯಂತ ಜಾಸ್ತಿ ಸಿಕ್ಕಿದ್ದು ಇಲ್ಲಿ.

ಹಂತ 4: ಕೇಬಲ್ ಮತ್ತು ಸ್ವಿಚ್ ಡಬ್ಬಿ

ಜೆನೆಲೆಕ್ 8010ಎ ಹಿಂದೆ ಎಕ್ಸ್‌ಎಲ್‌ಆರ್ ಸಾಕೆಟ್ ಮಾತ್ರ, ಸ್ಟುಡಿಯೋದವರು ಬಳಸುವ ಮೂರು ಪಿನ್ನಿನದ್ದು. ನನ್ನ ಕಂಪ್ಯೂಟರಿನಲ್ಲಿ 3.5 ಎಂಎಂ ಹೆಡ್‌ಫೋನ್ ಜ್ಯಾಕ್. "3.5 ಟು ಎಕ್ಸ್‌ಎಲ್‌ಆರ್" ಅಂತ ಕೇಳಿದ್ದಕ್ಕೆ ಅಂಗಡಿಯವರು ಒಂದು ಸಿದ್ಧ ಕೇಬಲ್ ಕೊಟ್ಟರು, 350. ಒಂದು ಸ್ಪೀಕರಿಗೆ ಚುಚ್ಚಿ ಭಾವಗೀತೆ ಹಾಕಿದರೆ ಕೊಳಲು ಇದೆ, ತಬಲದ ಪ್ರತಿಧ್ವನಿ ಇದೆ, ಹಾಡುವವರೇ ಇಲ್ಲ! 60 ಸಾವಿರದ ಸ್ಪೀಕರ್ ಹೋಯಿತು ಅಂತ ಎದೆ ಧಸಕ್ಕೆಂದಿತು.

ಸ್ಪೀಕರಿಗೆ ಏನೂ ಆಗಿರಲಿಲ್ಲ. ಆ ಕೇಬಲ್‌ನಲ್ಲಿ ಎಡ ಚಾನಲ್ ಎಕ್ಸ್‌ಎಲ್‌ಆರಿನ 2ನೇ ಪಿನ್ನಿಗೂ ಬಲ ಚಾನಲ್ 3ನೇ ಪಿನ್ನಿಗೂ ಹೋಗುತ್ತದೆ. ಸ್ಪೀಕರ್ 2ರಿಂದ 3ನ್ನು ಕಳೆಯುತ್ತದೆ. ಎರಡೂ ಕಡೆ ಸಮನಾಗಿರುವ ಗಾಯಕರ ದನಿ ಕಳೆದು ಸೊನ್ನೆಯಾಗುತ್ತದೆ. ಬೇಕಾದದ್ದು ಎರಡು ಗಂಡು ಎಕ್ಸ್‌ಎಲ್‌ಆರ್ ಇರುವ ಕೇಬಲ್: ಒಂದರ 2ನೇ ಪಿನ್ನಿಗೆ ಎಡ, ಇನ್ನೊಂದರ 2ನೇ ಪಿನ್ನಿಗೆ ಬಲ, ಎರಡರಲ್ಲೂ 1 ಮತ್ತು 3 ಸೇರಿ ಗ್ರೌಂಡಿಗೆ. ಕನೆಕ್ಟರ್ ಎರಡಕ್ಕೆ 240, ಪ್ಲಗ್ 40, ಶೀಲ್ಡ್ ವೈರ್ 160 ಕೊಟ್ಟು ನಾನೇ ಬೆಸೆದೆ.

ಇನ್ನೊಂದು ಎಚ್ಚರ. ಈ ಮಾಡೆಲಿನಲ್ಲಿ ವಾಲ್ಯೂಮ್ ಗುಬ್ಬಿ ಇಲ್ಲ. ಸ್ಟುಡಿಯೋದವರಿಗೆ ಅದು ಬೇಕಿಲ್ಲ, ಅವರ ಆಡಿಯೋ ಇಂಟರ್‌ಫೇಸಿನಲ್ಲೇ ಇರುತ್ತದೆ. ನಮ್ಮಂಥವರು ಕಂಪ್ಯೂಟರ್ ವಾಲ್ಯೂಮನ್ನು ಕೆಳಗಿಳಿಸಿಯೇ ಸ್ವಿಚ್ ಹಾಕಬೇಕು. ಗುಬ್ಬಿ ಬೇಕೇ ಬೇಕು ಅಂದರೆ ಅದಕ್ಕೂ ಬೇರೆ ದುಡ್ಡು.

ಎರಡು ಸೆಟ್ ನಡುವೆ ತಟ್ಟನೆ ಬದಲಾಯಿಸಲು ಎರಡೂ ಚಾನಲನ್ನು ಒಟ್ಟಿಗೇ ತಿರುಗಿಸುವ ಒಂದು ಡಿಪಿಡಿಟಿ ಟಾಗಲ್ ಸ್ವಿಚ್, ಜೊತೆಗೆ ಚಾನಲಿಗೊಂದರಂತೆ 10ಕೆ ಪ್ರಿಸೆಟ್. ಒಂದರ ಸದ್ದು ಜಾಸ್ತಿ ಇದ್ದರೆ ಅದನ್ನು ತಗ್ಗಿಸಿ ಸಮ ಮಾಡಲು ಅದು. ಮೊದಲು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿದೆ, ಕೈ ಹತ್ತಿರ ತಂದರೆ ಗುಂಯ್. ಖಾಲಿ ಕಾಫಿ ಪುಡಿ ತಗಡಿನ ಡಬ್ಬಿಗೆ ಬದಲಾಯಿಸಿ, ಡಬ್ಬಿಗೆ ಗ್ರೌಂಡ್ ಬೆಸೆದೆ, ನಿಂತಿತು. ಎಲ್ಲ ಸೇರಿ 140.

ಅಷ್ಟಾದರೂ ಮೌಸ್ ಸರಿಸಿದಾಗಲೆಲ್ಲ ಎರಡೂ ಸೆಟ್ಟಿನಲ್ಲಿ ಚಿರ್ ಚಿರ್ ಅನ್ನುತ್ತಿತ್ತು. ಅದು ಕಂಪ್ಯೂಟರಿನ ಮುಂಭಾಗದ ಜ್ಯಾಕಿನ ಕೊಡುಗೆ. ಹಿಂದಿನ ಜ್ಯಾಕಿಗೆ ಹಾಕಿದರೆ ಕಡಿಮೆಯಾಯಿತು. 900 ರೂಪಾಯಿಯ ಯುಎಸ್‌ಬಿ ಆಡಿಯೋ ಡಾಂಗಲ್ ಹಾಕಿದ ಮೇಲೆ ಪೂರ್ತಿ ಹೋಯಿತು. ದುಬಾರಿ ಸ್ಪೀಕರ್ ಈ ಚಿರ್ ಚಿರ್ ಅನ್ನು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ.

ಹಂತ 5: ಮೊದಲ ಸುತ್ತು

ಎರಡೂ ಸೆಟ್ಟನ್ನು ಮೇಜಿನ ಮೇಲೆ ಹಾಗೇ ಇಟ್ಟು, ಪಿಂಕ್ ನಾಯ್ಸ್ (ಎಲ್ಲ ಸ್ವರ ಸೇರಿದ ಪರೀಕ್ಷೆಯ ಸದ್ದು) ಹಾಕಿ, ನನ್ನ ಕಿವಿ ಇರುವ ಜಾಗದಲ್ಲಿ ಮೈಕ್ ಇಟ್ಟು ಸದ್ದು ಸಮ ಮಾಡಿದೆ. ಇದನ್ನು ಮಾಡದೆ ಯಾರಾದರೂ "ಇದು ಅದಕ್ಕಿಂತ ಚೆನ್ನಾಗಿದೆ" ಅಂದರೆ ನಂಬಬೇಡಿ. ಒಂದೇ ಡಿಬಿ (ಸದ್ದಿನ ಅಳತೆ) ಜಾಸ್ತಿ ಇದ್ದರೂ ಜಾಸ್ತಿ ಇದ್ದದ್ದೇ ಚೆನ್ನಾಗಿ ಕೇಳುತ್ತದೆ. ಮೊದಲು ಫೋನಿನ ಆ್ಯಪಿನಲ್ಲಿ ಅಳೆಯಲು ಹೋಗಿದ್ದೆ. ಸದ್ದು ಸಮ ಮಾಡಲು ಪರವಾಗಿಲ್ಲ, ಆದರೆ ಕೆಳಗಿನ ಸ್ವರಗಳ ವಿಷಯದಲ್ಲಿ ಅದು ಹೇಳಿದ್ದೆಲ್ಲ ಸುಳ್ಳು. ಅಳತೆ ಮೈಕ್ ಮತ್ತು ರೂಮ್ ಈಕ್ಯು ವಿಝಾರ್ಡ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿಗೆ ಬಂದ ಮೇಲೆಯೇ ದಾರಿ ಕಂಡದ್ದು.

ಕೇಳಿದ್ದು: ತಂಬೂರಿಯ ಮೇಲೆ ವೀಣೆ, ಮೃದಂಗದ ತನಿ, ಯಕ್ಷಗಾನದ ಚೆಂಡೆ, ರೇಡಿಯೋ ಕಾಲದ ಹಳೇ ರೆಕಾರ್ಡಿಂಗ್, ಕ್ರಿಕೆಟ್ ಕಾಮೆಂಟರಿ. ತಂಬೂರಿ ಹಾಕಿದ ಕೂಡಲೇ ಜೆನೆಲೆಕ್ ಯಾವುದು ಅಂತ ಗೊತ್ತಾಗುತ್ತಿತ್ತು. ತಂತಿ ಮೀಟಿದ ಮೇಲೆ ಏಳುವ ಝೇಂಕಾರ ಹಳೇದರಲ್ಲಿ ಒಂದೇ ಮುದ್ದೆ, ಇದರಲ್ಲಿ ಎಳೆ ಎಳೆ. ಆದರೆ ಮೃದಂಗದ ತೊಪ್ಪಿ ಕಡೆಗೆ ಬಂದರೆ ಹಳೇದೇ ಮುಂದು. 3 ಇಂಚಿನ ವೂಫರ್ 67 ಹರ್ಟ್ಜ್ ಆಸುಪಾಸಿನಲ್ಲಿ ಕೈ ಚೆಲ್ಲುತ್ತದೆ, ಅದು ಕಂಪನಿಯೇ ಕೊಟ್ಟಿರುವ ಲೆಕ್ಕ. ದುಡ್ಡು ಜಾಸ್ತಿ ಕೊಟ್ಟರೆ ಬೇಸ್ ಜಾಸ್ತಿ ಸಿಗುತ್ತದೆ ಅಂದುಕೊಂಡವರಿಗೆ ಇಲ್ಲಿ ನಿರಾಸೆ ಖಚಿತ.

ಹಂತ 6: ಎತ್ತರ, ಗೋಡೆ, ಪ್ಲೈವುಡ್

ಯಾವ ಸ್ವರ ಎಷ್ಟು ಜೋರು ಅಂತ ತೋರಿಸುವ ಗ್ರಾಫ್ ನೋಡಿದಾಗ ಎರಡು ಸಂಗತಿ ಕಂಡವು. 145 ಹರ್ಟ್ಜ್ ಬಳಿ ಎರಡೂ ಸೆಟ್ಟಿಗೆ ಒಂದು ಗುಡ್ಡ. ಮೇಲೆ ಎಲ್ಲೋ ಒಂದು ಹೊಂಡ, ಹಳೇದಕ್ಕೆ 1,650ರ ಹತ್ತಿರ, ಜೆನೆಲೆಕ್ಕಿಗೆ 2,000ದ ಹತ್ತಿರ. ಇಷ್ಟು ಬೇರೆ ಬೇರೆ ಸ್ಪೀಕರುಗಳಿಗೆ ಒಂದೇ ಕಾಯಿಲೆ ಅಂದರೆ ಕಾಯಿಲೆ ಮೇಜಿನದ್ದು. ಟೇಪ್ ಹಿಡಿದು ಅಳೆದೆ. ಹಳೇದರ ವೂಫರ್ ಮೇಜಿನಿಂದ 10 ಸೆಂ.ಮೀ. ಮೇಲೆ, ನನ್ನ ಕಿವಿ 40 ಸೆಂ.ಮೀ. ಮೇಲೆ, ನಡುವೆ 65 ಸೆಂ.ಮೀ. ನೇರ ಬರುವ ಸದ್ದಿಗೆ ಸುಮಾರು 72 ಸೆಂ.ಮೀ. ದಾರಿ, ಮೇಜಿಗೆ ಬಡಿದು ಬರುವುದಕ್ಕೆ 82. ಆ 10 ಚಿಲ್ಲರೆ ಸೆಂ.ಮೀ. ವ್ಯತ್ಯಾಸ ಅರ್ಧ ಅಲೆಗೆ ಸಮವಾಗುವ ಜಾಗ ಲೆಕ್ಕದಲ್ಲೂ 1,650 ಹರ್ಟ್ಜೇ. ಅಲ್ಲಿ ಒಂದನ್ನೊಂದು ಕೊಲ್ಲುತ್ತವೆ. ಮಾತಿನ ಸ್ಪಷ್ಟತೆಗೆ ಬೇಕಾದ ಜಾಗವೂ ಅದೇ.

ಮೊದಲು ಮೇಜಿನ ಮೇಲೆ ದಪ್ಪ ಟವೆಲ್ ಹಾಸಿ ನೋಡಿದೆ, ಹೊಂಡ ಸ್ವಲ್ಪ ತುಂಬಿತು. ಆದರೆ ಟವೆಲ್ ಮೇಲೆ ಕೀಬೋರ್ಡ್ ಇಟ್ಟು ಕೆಲಸ ಮಾಡೋಕಾಗುತ್ತಾ? ಬಡಗಿಯ ಹತ್ತಿರ ಉಳಿದಿದ್ದ 12 ಎಂಎಂ ಪ್ಲೈ ತುಂಡುಗಳನ್ನು 150ಕ್ಕೆ ತಂದು 20 ಸೆಂ.ಮೀ. ಎತ್ತರದ ಎರಡು ಪೀಠ ಮಾಡಿದೆ. ಮೊದಲು ಮಾಡಿದ್ದು ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ. ಅದೇ ಇನ್ನೊಂದು ಡೋಲಿನಂತೆ ಗುಮ್ಮೆಂದಿತು. ಹಿಂದುಮುಂದು ಹಲಗೆ ಕಿತ್ತು, ಬರೀ ಎರಡು ಪಕ್ಕ, ನಡುವೆ ಒಂದು ಅಡ್ಡಪಟ್ಟಿ ಉಳಿಸಿದೆ. ತಳಕ್ಕೂ ಸ್ಪೀಕರಿನಡಿಗೂ ರಬ್ಬರ್ ತುಂಡು. ಸ್ಕ್ರೂ, ರಬ್ಬರ್ ಸೇರಿ 80. ಗೋಡೆಯಿಂದ 5 ಸೆಂ.ಮೀ. ಇದ್ದದ್ದನ್ನು 15 ಮಾಡಿದೆ.

ಹೊಂಡ 600ರ ಕೆಳಗೆ ಜಾರಿತು, ಆಳವೂ ತಗ್ಗಿತು. 145ರ ಗುಡ್ಡ 3 ಡಿಬಿ ಇಳಿಯಿತು. ಹಳೇ ಸ್ಪೀಕರಿನಲ್ಲಿ ಕಾಮೆಂಟರಿ ಕೇಳಿ ನಾನೇ ಸ್ವಿಚ್ ತಪ್ಪಾಗಿ ಹಾಕಿದ್ದೇನಾ ಅಂತ ಡಬ್ಬಿ ನೋಡಿದೆ.

ಹಂತ 7: ಪಂಚೆ ಪರೀಕ್ಷೆ

ಕಣ್ಣಿಗೆ ಕಂಡರೆ ಬೆಲೆಯೂ ಕಿವಿಗೆ ಬೀಳುತ್ತದೆ. ತೆಳು ಹತ್ತಿ ಪಂಚೆಯನ್ನು ಸ್ಪೀಕರುಗಳ ಮುಂದೆ ಇಳಿಬಿಟ್ಟೆ (ಅಳೆದು ನೋಡಿದೆ, ಸದ್ದಿಗೆ ಹೇಳಿಕೊಳ್ಳುವಂಥ ಅಡ್ಡಿಯಿಲ್ಲ). ತಂಗಿ ಸ್ವಿಚ್ ಹಿಡಿದು ಹಿಂದೆ ಕೂತಳು, ಆಮೇಲೆ ಜಾಗ ಬದಲಿಸಿ ಅವಳಿಗೂ ಕೇಳಿಸಿದೆ.

ಒಂದು: ಜೆನೆಲೆಕ್ ಮೇಜಿನ ಮೇಲೆ, ಗೋಡೆಗೆ ಒತ್ತಿಕೊಂಡು, ಹಿಂದಿನ ಸ್ವಿಚ್ ಯಾವುದನ್ನೂ ಮುಟ್ಟದೆ. ಹಳೇದು ಪೀಠದ ಮೇಲೆ. ತಂಗಿ ಮಾತಿಗೂ ಹಾಡಿಗೂ ಹಳೇದನ್ನೇ ಆರಿಸಿದಳು. "ಅಣ್ಣ, ಇದು ಗೆಳೆಯನದ್ದು ಅಲ್ವಾ?" ಅಂದಳು. ನಾನೂ ಹೆಚ್ಚು ಸಲ ಅದನ್ನೇ ಆರಿಸಿದೆ.

ಎರಡು: ಜೆನೆಲೆಕ್ಕನ್ನೂ ಪುಸ್ತಕ ಪೇರಿಸಿ ಅದೇ ಎತ್ತರಕ್ಕೆ ತಂದು, ಅದರ ರಬ್ಬರ್ ಪಾದವನ್ನು ಕಿವಿಯತ್ತ ಓರೆ ಮಾಡಿ, ಹಿಂಭಾಗದ ಪುಟ್ಟ ಸ್ವಿಚ್ಚುಗಳಲ್ಲಿ ಕೆಳದನಿ ತಗ್ಗಿಸಿದೆ. ಗೋಡೆ, ಮೇಜು ಹತ್ತಿರ ಇದ್ದರೆ ಅಂತಲೇ ಕೊಟ್ಟಿರುವ ಸ್ವಿಚ್ಚುಗಳು ಅವು. ಈಗ ಆಟ ತಿರುಗಿತು. ಮಾತು, ವೀಣೆ, ತಂಬೂರಿ ಎಲ್ಲದರಲ್ಲೂ ಅದೇ, ಇಬ್ಬರಿಗೂ, ಹೆಚ್ಚುಕಡಿಮೆ ತಪ್ಪೇ ಆಗಲಿಲ್ಲ. ಚೆಂಡೆಯಲ್ಲಿ ಪ್ರತಿ ಪೆಟ್ಟೂ ಬಿಡಿಬಿಡಿ. ಹಳೇದರಲ್ಲಿ ವೇಗ ಹೆಚ್ಚಿದಾಗ ಪೆಟ್ಟುಗಳು ಕಲಸಿಕೊಳ್ಳುತ್ತವೆ. ಸಿನಿಮಾ ಹಾಡಿನಲ್ಲಿ ಮಾತ್ರ ಯಾವುದು ಯಾವುದು ಅಂತ ಹೇಳುವುದು ಕಷ್ಟವಾಯಿತು.

ವ್ಯತ್ಯಾಸ ದೊಡ್ಡದಾಗಿ ಕಂಡದ್ದು ಎರಡು ಕಡೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಹಳ ಸಣ್ಣ ಸದ್ದಿನಲ್ಲಿ ಕೇಳಿದಾಗ ಹಳೇದು ಬರೀ ಪಿಸುಮಾತು, ಜೆನೆಲೆಕ್ ಪೂರ್ತಿ ಹಾಡು. ಇನ್ನೊಂದು, ಕುರ್ಚಿಯಿಂದ ಎದ್ದು ನಿಂತಾಗ. ಹಳೇದರ ದನಿ ಬದಲಾಗುತ್ತದೆ, ಗಾಯಕರಿಗೆ ಶೀತ ಆದ ಹಾಗೆ ಮೂಗಿನಿಂದ ಬರುತ್ತದೆ. 4 ಇಂಚಿನ ವೂಫರಿಗೆ ಎಲ್ಲೆಯೇ ಇಲ್ಲದೆ ಎಲ್ಲ ಸ್ವರ ಕೊಟ್ಟಿದ್ದರ ಫಲ ಇದು. ಜೆನೆಲೆಕ್ ನಿಂತರೂ ಕೂತರೂ ಹೆಚ್ಚು ಬದಲಾಗಲಿಲ್ಲ. ನಾನು ಏನೇ ಬೆಸೆದರೂ ಹಳೇದರಲ್ಲಿ ಇದನ್ನು ತರೋಕಾಗಲ್ಲ. ಸರಿಯಾದ ಕ್ರಾಸೋವರ್, ಒಂದಕ್ಕೊಂದು ಹೊಂದುವ ಜೋಡಿ, ಅದುರದ ಅಲ್ಯೂಮಿನಿಯಂ ಮೈ, ದುಡ್ಡು ಹೋಗಿರುವುದು ಅಲ್ಲಿಗೆ.

ಹಂತ 8: ಫ್ಯಾನ್ ಹಾಕಿ ಮತ್ತೆ ಕೇಳಿದ್ದು

ಇಷ್ಟೂ ಹೊತ್ತು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ ಕೂತಿದ್ದೆವು. ಬೇಸಿಗೆಯಲ್ಲಿ ಹಾಗೆ ಯಾರು ಕೂರುತ್ತಾರೆ? ಫ್ಯಾನ್ ಆರಿಸಿದಾಗ ಕೋಣೆಯ ಸದ್ದು 34 ಡಿಬಿ, 4ರಲ್ಲಿ ಓಡಿಸಿದಾಗ 47. ಪಂಚೆ ಪರೀಕ್ಷೆಯನ್ನು ಫ್ಯಾನ್ ಕೆಳಗೆ ಮತ್ತೆ ಮಾಡಿದರೆ ತಂಬೂರಿಯ ಎಳೆಗಳು ಮಾಯ. ಸಣ್ಣ ಸದ್ದಿನಲ್ಲಿ ಇದ್ದ ಮೇಲುಗೈ ಪೂರ್ತಿ ಹೋಯಿತು. ಮಾತಿನ ಸ್ಪಷ್ಟತೆ ಒಂದೇ ಉಳಿಯಿತು, ಅದೂ ಅರ್ಧಕ್ಕರ್ಧ. ಕಿಟಕಿ ತೆಗೆದು ಹೊರಗೆ ಆಟೋ ಓಡಾಡುತ್ತಿದ್ದರಂತೂ ಇಬ್ಬರೂ ಸುಮ್ನೆ ಊಹೆ ಮಾಡುತ್ತಿದ್ದೆವು.

ದುಡ್ಡಿನ ಲೆಕ್ಕ

ರಿಪೇರಿಗೆ 1,190 (ಎರಡನೇ ಸಲದ ಫೋಮ್ ಸೇರಿ), ಪೀಠಕ್ಕೆ 230, ಡಾಂಗಲಿಗೆ 900. ಒಟ್ಟು 2,320. ಪರೀಕ್ಷೆಗೆ ಬೇಕಾದ ಕೇಬಲ್ ಮತ್ತು ಡಬ್ಬಿಗೆ 580. ದಂಡ ಆದದ್ದು 50 ವೋಲ್ಟಿನ ಕೆಪಾಸಿಟರ್ ಮತ್ತು ತಪ್ಪು ಕೇಬಲ್, 530. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಮೊದಲೇ ಇದ್ದವು.

ಗೆಳೆಯನಿಗೆ ಆ 60 ಸಾವಿರ ದುಬಾರಿಯಲ್ಲ. ಬಾಗಿಲು ಮುಚ್ಚಿ ಎಸಿ ಕೋಣೆಯಲ್ಲಿ ದಿನವಿಡೀ ಬೇರೆಯವರ ಮಾತನ್ನು ಕತ್ತರಿಸಿ ಜೋಡಿಸುವವನು ಅವನು. ಒಂದು ಉಸಿರಿನ ಸದ್ದು ತಪ್ಪಿದರೆ ಕೆಲಸ ವಾಪಸ್ ಬರುತ್ತದೆ. ಫ್ಯಾನ್ ಕೆಳಗೆ ಕೂತು ಕಾಮೆಂಟರಿ, ಯೂಟ್ಯೂಬ್, ಸಂಜೆಗೊಂದು ಕಛೇರಿ ಕೇಳುವ ನನಗೆ ಅದು ಬೇಡ. ಮನೆ ಬದಲಾಯಿಸಿ ಸದ್ದಿಲ್ಲದ ಕೋಣೆ ಸಿಕ್ಕಿದರೆ ಮತ್ತೆ ಯೋಚಿಸುತ್ತೇನೆ. ಆಗಲೂ ಮೊದಲು ಪೀಠ, ಆಮೇಲೆ ಸ್ಪೀಕರ್. ಹೊಸದಾಗಿ ಕೊಳ್ಳುವವರು ವಾಪಸ್ ಕೊಡಲು ಅವಕಾಶ ಇರುವ ಕಡೆ ಕೊಳ್ಳಿ, ಪೆಟ್ಟಿಗೆ ಬಿಚ್ಚಿದ ದಿನವೇ ಫ್ಯಾನ್ ಹಾಕಿಕೊಂಡು ಕೇಳಿ.

ಇನ್ನೂ ಒಂದು ಕೆಲಸ ಬಾಕಿ ಇದೆ. ಎಡ ಪೆಟ್ಟಿಗೆಯ ಪಕ್ಕದ ಹಲಗೆ 180 ಹರ್ಟ್ಜ್ ಬಳಿ ಅದುರುತ್ತದೆ, ಅಂಗೈ ಇಟ್ಟರೆ ಗೊತ್ತಾಗುತ್ತದೆ. ಒಳಗೆ ಪಕ್ಕದಿಂದ ಪಕ್ಕಕ್ಕೆ ಒಂದು ಪ್ಲೈ ಅಡ್ಡಪಟ್ಟಿ ಅಂಟಿಸಬೇಕು. ವೂಫರ್ ರಂಧ್ರದಿಂದಲೇ ಕೈ ಹಾಕಿ ಕೂರಿಸಬೇಕಾದ್ದರಿಂದ ಪಟ್ಟಿಯನ್ನು ಎರಡು ತುಂಡು ಮಾಡಿ ಒಳಗೇ ಜೋಡಿಸುವ ಯೋಚನೆ.

ಅಲ್ಲಿಯವರೆಗೆ ಸ್ವರಗಳನ್ನು ಏರಿಸಿ ಇಳಿಸುವ ಈಕ್ವಲೈಸರ್ ಎಪಿಒ ಸಾಫ್ಟ್‌ವೇರಿನಲ್ಲಿ ಹಾಕಿರುವುದು ಇಷ್ಟು: 145 ಹರ್ಟ್ಜ್, ಮೈನಸ್ 4 ಡಿಬಿ, ಕ್ಯೂ 2 (ಕ್ಯೂ ಜಾಸ್ತಿಯಾದಷ್ಟೂ ತಗ್ಗಿಸುವ ಪಟ್ಟಿ ಕಿರಿದು). 180 ಹರ್ಟ್ಜ್, ಮೈನಸ್ 2, ಕ್ಯೂ 5. 4,600 ಹರ್ಟ್ಜ್, ಮೈನಸ್ 3, ಕ್ಯೂ 3. ಹೊಂಡ ಇರುವ ಕಡೆ ಪ್ಲಸ್ ಹಾಕಿ ತುಂಬಲು ಹೋಗಬೇಡಿ. ಹೆಚ್ಚಿಸಿದ ಸದ್ದೂ ಮೇಜಿಗೆ ಬಡಿದು ಬಂದು ಅಷ್ಟೇ ಕೊಲ್ಲುತ್ತದೆ, ವೂಫರ್ ಮಾತ್ರ ಸುಮ್ನೆ ಒದ್ದಾಡುತ್ತದೆ.